ಪಂಗಾಸ್ ಹೊಂಡದ ನೀರು ಕೆಳಗಿನ ಹೊಂಡಕ್ಕೆ: ಹಸಿರು ಪದರ, ಬೆಳಗಿನ ಜಾವದ ಉಸಿರುಗಟ್ಟು, ಪ್ಲವಕದ ಲೆಕ್ಕ

ಎಡದಂಡೆ_ಸಿಂಧನೂರು

ಎಲ್ಲಾರಿಗೂ ನಮಸ್ಕಾರ್ರಿ. ಸವಳು ಬಿದ್ದ ಭತ್ತದ ಗದ್ದಿಗೆ ಒಡ್ಡು ಹಾಕಿ ಮಾಡಿದ ಎರಡು ಹೊಂಡ ಅದಾವು, ತಳ ಎರಿ ಮಣ್ಣು. ಮೇಲಿನದು 3 ಎಕರೆ, ನೀರು 5 ಅಡಿ, ಅದರಾಗ ಪಂಗಾಸ್ ಮೀನು. ದಿನಕ್ಕ 200 ಕೆ.ಜಿ. ತೇಲುವ ಫೀಡ್, 28% ಪ್ರೋಟೀನ್. ವಾರಕ್ಕೊಮ್ಮೆ ತಳದ ತೂಬು ಎತ್ತಿ ಹತ್ತರಾಗ ಒಂದು ಪಾಲು ನೀರು ಕೆಳಗಿನ 1 ಎಕರೆ ಹೊಂಡಕ್ಕ ಬಿಡ್ತೀವಿ, ಮೇಲೆ ಕಾಲುವಿ ನೀರು ತುಂಬಿಸ್ತೀವಿ. ಕೆಳಗಿನದರಾಗ ನೀರು 4 ಅಡಿ, ರೋಹು ಮತ್ತು ಕಾಟ್ಲಾ ಬಿಟ್ಟೈತಿ, ಫೀಡ್ ಹಾಕಂಗಿಲ್ಲ. ಅದು ತುಂಬಿ ಹೆಚ್ಚಾದ ನೀರು ಬಸಿಗಾಲುವಿಗೆ ಹೋಗ್ತೈತಿ.

ಈಗ ಕೆಳಗಿನ ಹೊಂಡ ದಟ್ಟ ಹಸಿರು. ನೀರಿನ ತಿಳಿ ಅಳೆಯೋ ಬಿಳಿ-ಕಪ್ಪು ತಟ್ಟೆ 14 ಸೆಂ.ಮೀ.ಗೆ ಕಾಣದಂಗ ಆಗ್ತೈತಿ. ನಸುಕಿನ್ಯಾಗ ಮೀನು ಮ್ಯಾಲೆ ಬಂದು ಬಾಯಿ ತೆಗಿತಾವು, ಬಿಸಿಲು ಏರಿದ ಮ್ಯಾಲೆ ಸುಮ್ಮನಾಗ್ತಾವು. ಕಿಟ್ಟಿನ್ಯಾಗ ಅಮೋನಿಯಾ 2. ಪಿಹೆಚ್ ಮುಂಜಾನೆ 7.6, ಮಧ್ಯಾಹ್ನ 3 ಗಂಟೆಗೆ 9.2. ಫೀಡ್ ಅಂಗಡಿಯವರು ಮೈಲುತುತ್ತ (ತಾಮ್ರದ ಸಲ್ಫೇಟ್) ಹೊಡೀರಿ, ಅಮೋನಿಯಾ ಹೀರೋ ಜಿಯೋಲೈಟ್ ಪುಡಿ 20 ಕೆ.ಜಿ. ಚೆಲ್ರಿ ಅಂತಾರ. ಹಸಿರು ಇದ್ರ ಕಾಟ್ಲಾಗ ಮೇವು ಅಂತ ಇನ್ನೊಬ್ರು ಅಂತಾರ. ಯಾವುದು ಖರೆ?

ನೀರುಪರೀಕ್ಷೆ_ರಾಯಚೂರು

ಸದ್ಯಕ್ಕೆ ಎರಡನ್ನೂ ಹಾಕಬೇಡಿ. ಮೊದಲು ನೀವು ಕೊಟ್ಟ ಅಂಕಿಗಳನ್ನೇ ಓದೋಣ, ಅವುಗಳಲ್ಲೇ ಬಹಳ ವಿಷಯ ಇದೆ.

ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನಿನ ಕಿವಿರನ್ನು ಸುಡುವುದು ಅಯಾನೀಕರಣವಾಗದ ಭಾಗ ಮಾತ್ರ, ಆ ಭಾಗ ಎಷ್ಟು ಎಂಬುದನ್ನು ಪಿಹೆಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ನೀರು 30 ಡಿಗ್ರಿ ಇದ್ದಾಗ ಪಿಹೆಚ್ 7ಕ್ಕೆ ಅದು ಶೇ. 1ಕ್ಕಿಂತ ಕಡಿಮೆ, 8ಕ್ಕೆ ಶೇ. 7ರಷ್ಟು, 9ಕ್ಕೆ ಶೇ. 44ರಷ್ಟು. ನಿಮ್ಮ ಲೀಟರಿಗೆ 2 ಮಿ.ಗ್ರಾಂ. ಅಮೋನಿಯಾ ಮುಂಜಾನೆ 7.6ರಲ್ಲಿ ಸುಮಾರು 0.06 ಮಿ.ಗ್ರಾಂ. ವಿಷ. ಅದೇ ನೀರು, ಅದೇ 2 ಮಿ.ಗ್ರಾಂ., ಮಧ್ಯಾಹ್ನ 9.2ರಲ್ಲಿ 1.1 ಮಿ.ಗ್ರಾಂ. ವಿಷ. ಅಂದರೆ ಮೀನಿಗೆ ದಿನಕ್ಕೆ ಎರಡು ಕಷ್ಟ. ನಸುಕಿನಲ್ಲಿ ಆಮ್ಲಜನಕ ಇಲ್ಲ, ಮಧ್ಯಾಹ್ನ ಅಮೋನಿಯಾ ಉರಿ. ಬಿಸಿಲಿನಲ್ಲಿ ಸುಮ್ಮನಾಗುತ್ತವೆ ಎಂದಿರಲ್ಲ, ಅದನ್ನು ಆರಾಮ ಅಂತ ತಿಳಿಯಬೇಡಿ. ಆಗ ಮೈ ಬಣ್ಣ ಕಪ್ಪಾಗಿದೆಯೇ, ಕಿವಿರಿನ ಮೇಲೆ ಲೋಳೆ ಹೆಚ್ಚಿದೆಯೇ ನೋಡಿ.

ಪಿಹೆಚ್ ಇಷ್ಟು ಜಿಗಿಯಲು ಕಾರಣ ಪಾಚಿ. ಹಗಲು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಹೆಚ್ ಏರಿಸುತ್ತದೆ, ರಾತ್ರಿ ಉಸಿರಾಡಿ ಇಳಿಸುತ್ತದೆ. ದಿನದ ಏರಿಳಿತ ಒಂದೂವರೆ ದಾಟಿದರೆ ಸಸ್ಯ ಪ್ಲವಕ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಹೊಂಡ ತಾಳುವುದಕ್ಕಿಂತ ಹೆಚ್ಚಾಗಿದೆ ಎಂದೇ ಅರ್ಥ.

ಮುಂದಿನ ಅಳತೆ ಹೀಗಿರಲಿ. ಕರಗಿದ ಆಮ್ಲಜನಕವನ್ನು ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮಧ್ಯಾಹ್ನ 3ಕ್ಕೆ ಒಮ್ಮೆ ತೆಗೆಯಿರಿ. ನೀರು ಬೀಳುವ ಬಾಯಿ, ನಡುಮಧ್ಯ, ಹೊರಹೋಗುವ ಜಾಗ ಈ ಮೂರು ಕಡೆ, ಮೇಲಿಂದ ಒಂದು ಅಡಿ ಕೆಳಗೆ. ನಡುಮಧ್ಯದಲ್ಲಿ ತಳದಿಂದ ಅರ್ಧ ಅಡಿ ಮೇಲೆಯೂ ಒಂದು ಇರಲಿ. ಮೀಟರ್ ಇಲ್ಲದಿದ್ದರೆ 300 ಮಿ.ಲೀ. ಬಾಟಲಿಯನ್ನು ಗುಳ್ಳೆ ಬರದಂತೆ ತುಂಬಿಸಿ, ಅಲ್ಲೇ ದಡದಲ್ಲೇ ಮ್ಯಾಂಗನಸ್ ಸಲ್ಫೇಟ್ 2 ಮಿ.ಲೀ., ಕ್ಷಾರೀಯ ಅಯೊಡೈಡ್-ಅಜೈಡ್ 2 ಮಿ.ಲೀ. ಹಾಕಿ ಬಿರಡೆ ಬಿಗಿದು ಆಮ್ಲಜನಕವನ್ನು ಕಟ್ಟಿಹಾಕಬೇಕು. ಹಾಗೆ ಕಟ್ಟದೆ ಬಾಟಲಿಯನ್ನು ಪೇಟೆಗೆ ಒಯ್ದರೆ ದಾರಿಯಲ್ಲೇ ಪಾಚಿ ಆಮ್ಲಜನಕ ತಿಂದು ಮುಗಿಸುತ್ತದೆ, ಬರುವ ಅಂಕಿ ನಿಮ್ಮ ಹೊಂಡದ್ದಾಗಿರುವುದಿಲ್ಲ. 30 ಡಿಗ್ರಿಯಲ್ಲಿ ನೀರು ಹಿಡಿದಿಡಬಲ್ಲದ್ದೇ ಲೀಟರಿಗೆ ಏಳೂವರೆ ಮಿ.ಗ್ರಾಂ. ಮಧ್ಯಾಹ್ನ 14, 15 ಬಂದರೆ ಖುಷಿಪಡಬೇಡಿ, ಅಂಥ ಹೊಂಡವೇ ನಸುಕಿನಲ್ಲಿ 1ಕ್ಕೆ ಇಳಿಯುವುದು.

ಮಾನ್ವಿ_ಪಂಗಾಸ್

ಅಣ್ಣಾರ, ಕೆಳಗಿನ ಹೊಂಡಕ್ಕ ಎಷ್ಟು ಹೊರೆ ಬೀಳ್ತದ ಅನ್ನೋ ಲೆಕ್ಕ ಮೊದಲು ಹಾಕ್ರಿ.

200 ಕೆ.ಜಿ. ಫೀಡ್‌ನ್ಯಾಗ 28% ಪ್ರೋಟೀನ್ ಅಂದ್ರ 56 ಕೆ.ಜಿ. ಅದನ್ನ 6.25ರಿಂದ ಭಾಗಿಸಿದ್ರ ಸಾರಜನಕ ಸುಮಾರು 9 ಕೆ.ಜಿ. ಒಂದೂವರೆ ಕೆ.ಜಿ. ಫೀಡ್‌ಗೆ ಒಂದು ಕೆ.ಜಿ. ಮೀನು ಬಂದ್ರ 133 ಕೆ.ಜಿ. ಮೀನು ಬೆಳೀತದ, ಅದರ ಮೈಯಾಗ ಉಳಿಯೋ ಸಾರಜನಕ ಮೂರು ಚಿಲ್ಲರೆ ಕೆ.ಜಿ. ಉಳಿದ ಐದೂವರೆ ಕೆ.ಜಿ. ದಿನಾ ನೀರಿಗೆ ಹೋಗ್ತದ. ರಂಜಕದ್ದೂ ಹಂಗೇ, ಫೀಡ್‌ನ್ಯಾಗ 1% ಇದ್ರ ದಿನಕ್ಕ 2 ಕೆ.ಜಿ., ಅದರ ಅರ್ಧದಷ್ಟು ನೀರು-ಮಣ್ಣಿಗೆ.

ಇದೆಲ್ಲಾ ಕೆಳಗ ಬರಂಗಿಲ್ಲ, ಬಹಳಷ್ಟು ಮೇಲಿನ ಹೊಂಡದ ತಳದಾಗ ಕೂಡ್ತದ. ಆದ್ರ ನೀವು ಎತ್ತೋದು ತಳದ ತೂಬು. ಅಂದ್ರ ಕೂತ ಹಿಕ್ಕೆ, ಕೊಳೆತ ಫೀಡ್ ಬಳಿದು ಕೆಳಗ ಕಳಿಸಿದಂಗ ಆತು. 3 ಎಕರೆ, 5 ಅಡಿ ಅಂದ್ರ ಸುಮಾರು 185 ಲಕ್ಷ ಲೀಟರ್, ಅದರ ಹತ್ತರಲ್ಲೊಂದು 18 ಲಕ್ಷ ಚಿಲ್ಲರೆ ಲೀಟರ್. ನಿಮ್ಮ ಕೆಳಗಿನ ಹೊಂಡ ಹಿಡಿಯೋದೇ ಸುಮಾರು 49 ಲಕ್ಷ ಲೀಟರ್. ವಾರಕ್ಕೊಮ್ಮೆ ಅದರ ಮೂರರಾಗ ಒಂದು ಪಾಲಿಗಿಂತ ಹೆಚ್ಚು ರಾಡಿ ನೀರು ಒಮ್ಮೆಲೇ ಬಿದ್ರ ಅಲ್ಲಿ ಯಾವ ಪ್ಲವಕ ನೆಟ್ಟಗ ನಿಂತೀತು?

ಜಿಯೋಲೈಟ್ ಬಗ್ಗೆ ಒಂದು ಮಾತು. ಕೆ.ಜಿ.ಗೆ 10 ಗ್ರಾಂ ಸಾರಜನಕ ಹಿಡೀತು ಅಂತ ಕೈ ಬಿಚ್ಚಿ ಲೆಕ್ಕ ಹಾಕಿದ್ರೂ 20 ಕೆ.ಜಿ.ಗೆ 200 ಗ್ರಾಂ ಆತು. ನಿಮ್ಮ ಹೊರೆ ದಿನಕ್ಕ 5,500 ಗ್ರಾಂ. ಸವಳು ನೀರಿನ್ಯಾಗ ಸೋಡಿಯಂ ಅದರ ಜಾಗ ಹಿಡಿಯೋದ್ರಿಂದ ಅಷ್ಟೂ ಹಿಡಿಯಂಗಿಲ್ಲ. ಆ ರೊಕ್ಕ ಏರೇಟರ್ (ನೀರಿಗೆ ಗಾಳಿ ಬೆರೆಸೋ ಯಂತ್ರ) ಕರೆಂಟಿಗೆ ಹಾಕ್ರಿ.

ಪ್ಲವಕ_ಎಣಿಕೆ

ಹಸಿರು ಇದ್ದರೆ ಮೇವು ಎಂಬ ಮಾತು ಅರ್ಧ ನಿಜ, ಆ ಅರ್ಧದಿಂದಲೇ ನಮ್ಮ ಕಡೆ ಬಹಳ ಹೊಂಡ ಕೆಟ್ಟಿವೆ. ಹಸಿರು ಯಾರದ್ದು ಎಂಬುದು ಗೊತ್ತಾಗದೆ ಏನೂ ಹೇಳಲಾಗದು. ಕ್ಲೋರೆಲ್ಲಾ, ಸೀನೆಡೆಸ್ಮಸ್, ಪೀಡಿಯಾಸ್ಟ್ರಮ್ ಜಾತಿಯ ಹಸಿರು ಪಾಚಿ, ನ್ಯಾವಿಕ್ಯುಲಾ, ನಿಟ್ಜ್‌ಶಿಯಾ ಜಾತಿಯ ಡಯಾಟಮ್ ಇದ್ದರೆ ಪ್ರಾಣಿ ಪ್ಲವಕ (ನೀರಿನಲ್ಲಿ ತೇಲುವ ಸಣ್ಣ ಪ್ರಾಣಿಗಳು) ತಿನ್ನುತ್ತದೆ, ಅದನ್ನು ಕಾಟ್ಲಾ ತಿನ್ನುತ್ತದೆ. ಮೈಕ್ರೊಸಿಸ್ಟಿಸ್, ಆಸಿಲೇಟೋರಿಯಾ ತರದ ನೀಲಿ-ಹಸಿರು ಪಾಚಿ ಆಗಿದ್ದರೆ ಆ ಸರಪಳಿ ಅಲ್ಲೇ ತುಂಡು. ಮೈಕ್ರೊಸಿಸ್ಟಿಸ್ ಲೋಳೆಯಲ್ಲಿ ಗುಂಪು ಕಟ್ಟಿಕೊಳ್ಳುತ್ತದೆ, ಮೋಯಿನಾ, ಡಾಫ್ನಿಯಾದಂಥ ಪ್ರಾಣಿ ಪ್ಲವಕದ ಬಾಯಿಗೆ ಹಿಡಿಸುವುದಿಲ್ಲ. ಮೀನು ನುಂಗಿದರೂ ಎಷ್ಟೋ ಕೋಶ ಜೀವಂತವಾಗಿಯೇ ಹಿಂದಿನಿಂದ ಹೊರಬರುತ್ತವೆ.

ಸೂಕ್ಷ್ಮದರ್ಶಕ ಇಲ್ಲದೆ ಮಾಡುವ ಪರೀಕ್ಷೆ ಎರಡಿವೆ. ಪಾರದರ್ಶಕ ಗಾಜಿನ ಬಾಟಲಿಯನ್ನು ನೀರಿನ ಒಂದು ಗೇಣು ಕೆಳಗೆ ಮುಳುಗಿಸಿ ತುಂಬಿಕೊಳ್ಳಿ, ಮೇಲಿನ ಪದರ ಬಳಿದುಕೊಳ್ಳಬೇಡಿ. ನೆರಳಿನಲ್ಲಿ ಅಲ್ಲಾಡಿಸದೆ ಒಂದು ತಾಸು ಬಿಡಿ. ಹಸಿರು ಮೇಲೆ ತೇಲಿ ಕತ್ತಿನಲ್ಲಿ ಉಂಗುರ ಕಟ್ಟಿದರೆ ನೀಲಿ-ಹಸಿರು ಪಾಚಿ ಇರುವ ಸಂಭವ ಹೆಚ್ಚು, ಅವುಗಳ ಕೋಶದಲ್ಲಿ ಗಾಳಿಯ ಚೀಲಗಳಿವೆ. ನೀರು ಇಡಿಯಾಗಿ ಹಸಿರಾಗೇ ಉಳಿದರೆ ಅಥವಾ ತಳಕ್ಕೆ ಇಳಿದರೆ ಹಸಿರು ಪಾಚಿ, ಡಯಾಟಮ್. ಎರಡನೆಯದು ಕೋಲು. ದಡದ ಪದರಕ್ಕೆ ಕೋಲು ಅದ್ದಿ ಎತ್ತಿದಾಗ ಕೂದಲಿನಂತೆ ಎಳೆ ಜೋತುಬಿದ್ದರೆ ಅದು ನಾರು ಪಾಚಿ, ಬಣ್ಣ ಬಳಿದಂತೆ ಕೋಲಿಗೆ ಮೆತ್ತಿದರೆ ನೀಲಿ-ಹಸಿರು. ಬಿಸಿಲಿನಲ್ಲಿ ಇಟ್ಟಿಗೆ ಕೆಂಪು, ನೆರಳು ಬಿದ್ದಾಗ ಹಸಿರಾಗುವ ಪೊರೆ ಇದ್ದರೆ ಅದು ಯೂಗ್ಲೀನಾ, ಕೊಳೆ ಜಾಸ್ತಿ ಇರುವ ನೀರಿನ ಗುರುತು.

ಇನ್ನು ಸರಿಯಾದ ಎಣಿಕೆ. ಸಸ್ಯ ಪ್ಲವಕಕ್ಕೆ ಬಲೆ ನಂಬಬೇಡಿ, ಎಷ್ಟು ಸಣ್ಣ ಕಣ್ಣಿನ ಬಲೆಯಾದರೂ ಕ್ಲೋರೆಲ್ಲಾದಂಥವು ಪಾರಾಗುತ್ತವೆ. 1 ಲೀಟರ್ ನೀರು ಹಾಗೇ ತೆಗೆದು, 10 ಮಿ.ಲೀ. ಲ್ಯೂಗಾಲ್ ಅಯೋಡಿನ್ ಹಾಕಿ, ಕತ್ತಲಲ್ಲಿ 48 ತಾಸು ಕೂರಿಸಿ, ಮೇಲಿನ ತಿಳಿಯನ್ನು ಸಣ್ಣ ನಳಿಗೆಯಿಂದ ನಿಧಾನ ಎಳೆದು 20 ಮಿ.ಲೀ.ಗೆ ಇಳಿಸಿ. ಅದರಲ್ಲಿ 1 ಮಿ.ಲೀ. ಸೆಡ್ಜ್‌ವಿಕ್-ರಾಫ್ಟರ್ ಕೋಶಕ್ಕೆ (ಸೂಕ್ಷ್ಮದರ್ಶಕದಡಿ ಇಟ್ಟು ಎಣಿಸುವ ಚೌಕಗೀಟಿನ ಗಾಜು). ಆ ಕೋಶದಲ್ಲಿ 1,000 ಚೌಕ ಇರುತ್ತವೆ. 20 ಚೌಕದಲ್ಲಿ 240 ಸಿಕ್ಕರೆ ಪೂರ್ತಿ 1 ಮಿ.ಲೀ.ನಲ್ಲಿ 12,000, ಅದನ್ನು ಮೂಲ ನೀರಿಗೆ ತಂದರೆ ಮಿ.ಲೀ.ಗೆ 240. ಚೌಕಗಳನ್ನು ಒಂದೇ ಮೂಲೆಯಿಂದ ಆರಿಸಬೇಡಿ.

ಇಲ್ಲಿ ಒಂದು ಎಡವಟ್ಟು ಆಗಾಗ ಆಗುತ್ತದೆ. ಮೈಕ್ರೊಸಿಸ್ಟಿಸ್ ತೇಲುವ ಜಾತಿ, ಅಯೋಡಿನ್ ಹಾಕಿದರೂ ಒಂದಿಷ್ಟು ಮೇಲೇ ಉಳಿಯುತ್ತದೆ. ತಿಳಿ ಎಂದು ಎಳೆದು ಚೆಲ್ಲಿದ್ದರಲ್ಲೇ ಅಪರಾಧಿ ಹೋಗಿರುತ್ತಾನೆ, ವರದಿಯಲ್ಲಿ ಹೊಂಡ ಚೆನ್ನಾಗಿದೆ ಎಂದು ಬರುತ್ತದೆ. ಮೇಲೆ ಪದರ ಕಂಡರೆ ಕೂರಿಸದೆ, ಅಲ್ಲಾಡಿಸಿ ನೇರವಾಗಿಯೇ ಎಣಿಸಿ. ಗುಂಪುಗಳ ಸಂಖ್ಯೆ ಬೇರೆ, ಕೋಶಗಳ ಸಂಖ್ಯೆ ಬೇರೆ, ಯಾವುದನ್ನು ಬರೆದಿದ್ದೀರಿ ಎಂಬುದನ್ನೂ ಬರೆಯಿರಿ.

ಪ್ರಾಣಿ ಪ್ಲವಕಕ್ಕೆ 60 ಮೈಕ್ರಾನ್ ಆಸುಪಾಸಿನ ಬಲೆ ಸಾಕು. ಹೊಂಡದ ಬೇರೆ ಬೇರೆ ಕಡೆಯಿಂದ ಒಟ್ಟು 50 ಲೀಟರ್ ಸೋಸಿ 50 ಮಿ.ಲೀ.ಗೆ ತನ್ನಿ, ಫಾರ್ಮಲಿನ್ ಶೇ. 4 ಆಗುವಂತೆ ಹಾಕಿ. ಆಗ ಲೆಕ್ಕ ಸುಲಭ, 1 ಮಿ.ಲೀ.ನಲ್ಲಿ 120 ರೋಟಿಫರ್ ಕಂಡರೆ ಲೀಟರಿಗೆ 120. ಹಗಲು ಡಾಫ್ನಿಯಾ, ಸೈಕ್ಲಾಪ್ಸ್ ಕೆಳಗೆ ಇಳಿಯುತ್ತವೆ, ಆದ್ದರಿಂದ ಪ್ರತಿ ಸಲ ಒಂದೇ ಹೊತ್ತಿಗೆ, ಮುಂಜಾನೆ 6ರಿಂದ 8ರೊಳಗೆ ತೆಗೆಯಿರಿ.

ಸಿರುಗುಪ್ಪ_ಹೊಂಡ

ಇಷ್ಟೆಲ್ಲಾ ಎಣಿಕೆ ಯಾಕ್ರಿ? ಬಲೀಲಿ 50 ಲೀಟರ್ ಸೋಸಿ ಗೀಟು ಇರೋ ಕೊಳವ್ಯಾಗ ಕೂರಿಸಿದ್ರ 1ರಿಂದ 2 ಮಿ.ಲೀ. ಬಂದ್ರ ಗೆಂಡೆ ಮೀನಿಗೆ ಚಲೋ ಅಂತ ಎಲ್ಲಾ ತರಬೇತಿಯಾಗೂ ಹೇಳ್ತಾರ.

ಪ್ಲವಕ_ಎಣಿಕೆ

ಆ ಅಳತೆ ಸಗಣಿ, ತೌಡು ಹಾಕಿ ಸಾಕುವ ಗೆಂಡೆ ಹೊಂಡಕ್ಕೆ ಸರಿ ಸರ್. ಫೀಡ್ ಹೊಂಡದ ಹೊಲಸು ಬೀಳುವ ಕಡೆ ಕೊಳವೆಯಲ್ಲಿ ಕೂರುವುದರಲ್ಲಿ ಅರ್ಧ ಹಿಕ್ಕೆಯ ಚೂರು, ಉಳಿದದ್ದು ನೀಲಿ-ಹಸಿರು ಗುಂಪು. 3 ಮಿ.ಲೀ. ಬಂದರೂ ಕಾಟ್ಲಾ ತಿನ್ನುವಂಥದ್ದು ಅದರಲ್ಲಿ ಇಲ್ಲದಿರಬಹುದು. ಕೊಳವೆ ಪರೀಕ್ಷೆ ಮಾಡಿ, ಆದರೆ ಅದರಿಂದ ಒಂದು ಹನಿಯನ್ನಾದರೂ ಗಾಜಿನ ಮೇಲೆ ಇಟ್ಟು ನೋಡಿ. ಹತ್ತಿರದ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೂಕ್ಷ್ಮದರ್ಶಕ ಇರುತ್ತದೆ.

ಎಡದಂಡೆ_ಸಿಂಧನೂರು

ಬಾಟಲಿ ಪರೀಕ್ಷೆ ಮಾಡೀನ್ರಿ. ಒಂದು ತಾಸಿನ್ಯಾಗ ಕತ್ತಿಗೆ ಹಸಿರು ಉಂಗುರ ಬಂತು. ಕೋಲಿಗೆ ಬಣ್ಣದಂಗ ಮೆತ್ತಿತು. ಪದರ ಈಶಾನ್ಯ ಮೂಲ್ಯಾಗ ದಪ್ಪ, ನೀರು ಬೀಳೋ ಕಡೆ ತೆಳು. ನಸುಕಿನ ಆಮ್ಲಜನಕ ನಡುಮಧ್ಯ 1.4, ತಳದಾಗ 0.3. ಮಧ್ಯಾಹ್ನ ಮ್ಯಾಲೆ 13. ಕಾಲೇಜಿನ್ಯಾಗ ನೋಡಿಸಿದ್ದಕ್ಕ ಮೈಕ್ರೊಸಿಸ್ಟಿಸ್ ಬಹಳ, ಆಸಿಲೇಟೋರಿಯಾ, ಯೂಗ್ಲೀನಾ, ಸೀನೆಡೆಸ್ಮಸ್, ನ್ಯಾವಿಕ್ಯುಲಾ, ನಿಟ್ಜ್‌ಶಿಯಾ ಅಂತ ಬರೆದು ಕೊಟ್ರು. ಪ್ರಾಣಿ ಪ್ಲವಕದಾಗ ಬ್ರಾಕಿಯೋನಸ್ ಅನ್ನೋ ರೋಟಿಫರೇ ಹೆಚ್ಚು, ಸೈಕ್ಲಾಪ್ಸ್ ಅಲ್ಲೊಂದು ಇಲ್ಲೊಂದು, ಮೋಯಿನಾ ಡಾಫ್ನಿಯಾ ಇಲ್ಲ.

ಪ್ಲವಕ_ಎಣಿಕೆ

ಚಿತ್ರ ಸ್ಪಷ್ಟ ಆಯಿತು. ಈಶಾನ್ಯ ಮೂಲೆಯಲ್ಲಿ ದಪ್ಪ ಇರುವುದು ನೈರುತ್ಯದ ಗಾಳಿ ತಳ್ಳಿದ್ದರಿಂದ. ಆ ಮೂಲೆಯ ನೀರನ್ನಷ್ಟೇ ಪರೀಕ್ಷೆಗೆ ಒಯ್ದರೆ ಹತ್ತು ಪಟ್ಟು ಕಾಣುತ್ತದೆ, ಎದುರು ಮೂಲೆಯದ್ದಾದರೆ ಏನೂ ಇಲ್ಲ ಅನ್ನಿಸುತ್ತದೆ.

ಪಾಚಿಯ ಕುಲಗಳಿಂದ ಕೊಳೆ ಅಳೆಯಲು 1969ರಲ್ಲಿ ಪಾಮರ್ ಮಾಡಿದ ಸೂಚ್ಯಂಕ ಇದೆ. ಯೂಗ್ಲೀನಾಗೆ 5, ಆಸಿಲೇಟೋರಿಯಾಗೆ 5, ಸೀನೆಡೆಸ್ಮಸ್‌ಗೆ 4, ನ್ಯಾವಿಕ್ಯುಲಾ, ನಿಟ್ಜ್‌ಶಿಯಾಗಳಿಗೆ ತಲಾ 3, ಮೈಕ್ರೊಸಿಸ್ಟಿಸ್‌ಗೆ 1. ನಿಮ್ಮದು 21. 20 ಮುಟ್ಟಿದರೆ ಸಾವಯವ ಕೊಳೆ ಹೆಚ್ಚಿದೆ ಎಂದು ಅರ್ಥ, 15ರಿಂದ 19 ಇದ್ದರೆ ಇರಬಹುದು ಎಂದು. ಗಮನಿಸಿ, ನಿಮ್ಮ ಹೊಂಡವನ್ನು ಕೆಡಿಸಿರುವ ಮೈಕ್ರೊಸಿಸ್ಟಿಸ್‌ಗೆ ಅದರಲ್ಲಿ ಸಿಗುವುದು ಒಂದೇ ಅಂಕ. ಸೂಚ್ಯಂಕ ಹೇಳುವುದು ಕೊಳೆಯ ಮಟ್ಟವನ್ನು, ಪಾಚಿಯ ವಿಷವನ್ನಲ್ಲ. ಹಾಗಾಗಿ 12 ಬಂದರೂ ಮೈಕ್ರೊಸಿಸ್ಟಿಸ್ ಪದರ ಇದ್ದರೆ ಸುಮ್ಮನೆ ಕೂರುವಂತಿಲ್ಲ.

ಪ್ರಾಣಿ ಪ್ಲವಕದ ಪಟ್ಟಿಯೂ ಅದನ್ನೇ ಹೇಳುತ್ತದೆ. ಬ್ರಾಕಿಯೋನಸ್ ಕೊಳೆ, ಬ್ಯಾಕ್ಟೀರಿಯಾ ತಿಂದು ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ. ನೀರನ್ನು ಸೋಸಿ ತಿಳಿಗೊಳಿಸುವ ಮೋಯಿನಾ, ಡಾಫ್ನಿಯಾ ಹೋಗಿವೆ. ಒಂದಿಷ್ಟನ್ನು ಕಾಟ್ಲಾ ತಿಂದಿರುತ್ತದೆ, ಆದರೆ ಒಂದೂ ಉಳಿದಿಲ್ಲ ಎಂದರೆ ಮಧ್ಯಾಹ್ನದ ಪಿಹೆಚ್, ಅಮೋನಿಯಾ ಮತ್ತು ಈ ಲೋಳೆ ಗುಂಪುಗಳೇ ಕಾರಣ.

ರಂಜಕ ಹೆಚ್ಚಿ, ಅದಕ್ಕೆ ಹೋಲಿಸಿದರೆ ಸಾರಜನಕ ಕಡಿಮೆ ಬಿದ್ದಾಗ, ನೀರು ಬೆಚ್ಚಗಿದ್ದು ಅಲುಗಾಡದೆ ನಿಂತಾಗ, ಪಿಹೆಚ್ ಏರಿದಾಗ ನೀಲಿ-ಹಸಿರಿಗೆ ಸುಗ್ಗಿ. ನಿಮ್ಮ ತಳದಲ್ಲಿ ಆಮ್ಲಜನಕ 0.3. ಅಷ್ಟಕ್ಕಿಳಿದರೆ ಕೆಸರು ತಾನು ಹಿಡಿದ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತದೆ. ಅಂದರೆ ಇವತ್ತು ಮೇಲಿನಿಂದ ಬರುವ ನೀರನ್ನು ಪೂರ್ತಿ ನಿಲ್ಲಿಸಿದರೂ ಪಾಚಿ ಬಹಳ ದಿನ ಬದುಕುತ್ತದೆ.

ಕೊಪ್ಪಳ_ಪಶು

ಒಂದು ತುರ್ತು ಮಾತು. ಆ ಹೊಂಡಕ್ಕೆ ಎಮ್ಮೆ, ಕುರಿ ಇಳಿಸಬೇಡಿ. ಮೈಕ್ರೊಸಿಸ್ಟಿಸ್ ಬಿಡುವ ಮೈಕ್ರೊಸಿಸ್ಟಿನ್ ಯಕೃತ್ತಿನ ವಿಷ. ಜನ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ ಮಾತ್ರ. ಪದರ ಗಾಳಿಗೆ ಒಂದೇ ದಡಕ್ಕೆ ಸೇರುತ್ತದೆ, ದನ ನೀರು ಕುಡಿಯುವ ಇಳಿಜಾರು ಅದೇ ದಡದಲ್ಲಿದ್ದರೆ ಅವು ಗಟ್ಟಿ ವಿಷವನ್ನೇ ಕುಡಿಯುತ್ತವೆ. ಕುದಿಸಿದರೆ ಹೋಗುವ ವಿಷ ಅಲ್ಲ ಅದು. ಆ ಕಡೆ ಮುಳ್ಳು ಹಚ್ಚಿ.

ಸಿರುಗುಪ್ಪ_ಹೊಂಡ

ಹಂಗಾರ ಮೈಲುತುತ್ತ ಹಾಕಿ ಒಮ್ಮೆಗೆ ಕೊಂದ್ರ ಆಗಂಗಿಲ್ಲೇನ್ರಿ? ಕ್ಷಾರತೆಯ ನೂರನೇ ಒಂದು ಭಾಗ ಹಾಕಬೇಕು ಅಂತ ಸೂತ್ರ ಐತಿ. ಕ್ಷಾರತೆ 200 ಇದ್ರ ಲೀಟರಿಗೆ 2 ಮಿ.ಗ್ರಾಂ., ಅವರ ಹೊಂಡಕ್ಕ ಹತ್ತು ಕೆ.ಜಿ. ಒಳಗೇ ಆಗ್ತೈತಿ.

ನೀರುಪರೀಕ್ಷೆ_ರಾಯಚೂರು

ಸೂತ್ರ ಸರಿ, ಪಾಚಿ ಸಾಯುವುದೂ ನಿಜ. ಸತ್ತ ಮೇಲೆ ಏನಾಗುತ್ತದೆ ಎಂಬುದು ಪ್ರಶ್ನೆ. ನಸುಕಿನಲ್ಲಿ 1.4 ಇರುವ ಹೊಂಡದಲ್ಲಿ ಪಾಚಿಯೆಲ್ಲ ಒಂದೇ ಸಲ ಸತ್ತರೆ ಹಗಲು ಆಮ್ಲಜನಕ ಕೊಡುವವರು ಇಲ್ಲ, ಕೊಳೆಯುವ ಪಾಚಿ ಇದ್ದದ್ದನ್ನೂ ಎಳೆಯುತ್ತದೆ. ಎರಡು-ಮೂರು ದಿನದಲ್ಲಿ ಅಮೋನಿಯಾ ಏರುತ್ತದೆ, ಅದರ ಬೆನ್ನಿಗೆ ನೈಟ್ರೈಟ್. ಮೈಕ್ರೊಸಿಸ್ಟಿಸ್ ಕೋಶ ಒಡೆದರೆ ಒಳಗಿದ್ದ ವಿಷವೂ ನೀರಿಗೆ ಬರುತ್ತದೆ. ತಾಮ್ರ ಡಾಫ್ನಿಯಾ, ಮೋಯಿನಾಗಳನ್ನು ಪಾಚಿಗಿಂತ ಮೊದಲು ಕೊಲ್ಲುತ್ತದೆ, ಆಮೇಲೆ ಕೆಸರಿನಲ್ಲಿ ಉಳಿಯುತ್ತದೆ. ರಂಜಕ ಮಾತ್ರ ಅಲ್ಲೇ ಇರುತ್ತದೆ, ಮತ್ತೆ ಪಾಚಿ ಏಳುತ್ತದೆ. ಮೀನು ಇರುವ ಹೊಂಡಕ್ಕೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಸುಣ್ಣವೂ ಬೇಡ. ಪಿಹೆಚ್ 9.2 ಇರುವ ಎರೆ ಮಣ್ಣಿನ ಹೊಂಡಕ್ಕೆ ಸುಟ್ಟ ಸುಣ್ಣ ಹಾಕಿದರೆ ಅಮೋನಿಯಾ ವಿಷ ಇನ್ನೂ ಏರುತ್ತದೆ. ಸವಳು ನೆಲದ ಹೊಂಡಕ್ಕೆ ಒಗ್ಗುವುದು ಜಿಪ್ಸಂ. ಕ್ಯಾಲ್ಸಿಯಂ ಗಡಸುತನ 50 ಮಿ.ಗ್ರಾಂ. ಏರಿಸಲು ಈ 49 ಲಕ್ಷ ಲೀಟರಿಗೆ ಸುಮಾರು 420 ಕೆ.ಜಿ. ಬೇಕು. ಮಣ್ಣಿನ ಕದಡು ಕೂರುತ್ತದೆ, ಪಿಹೆಚ್ ಏರುವುದಕ್ಕೆ ಸ್ವಲ್ಪ ಕಡಿವಾಣ ಬೀಳುತ್ತದೆ. ಗಡಸುತನ ಈಗಾಗಲೇ ಹೆಚ್ಚಿದ್ದರೆ ಅದರಿಂದ ಲಾಭ ಕಡಿಮೆ, ಅಳೆದ ಮೇಲೆಯೇ ತನ್ನಿ.

ಮಾನ್ವಿ_ಪಂಗಾಸ್

ಮಾಡಬೇಕಾದ್ದು ಹೇಳ್ತೀನಿ. ಎರಡು ಹೊಂಡದ ನಡುವ ಕೆಸರು ಕೂರಿಸೋ ಗುಂಡಿ ತೆಗೀರಿ. ಇದಕ್ಕಿಂತ ಮುಖ್ಯದ ಕೆಲಸ ಇನ್ನೊಂದಿಲ್ಲ.

18 ಲಕ್ಷ ಲೀಟರ್ ಒಂದು ದಿನದಾಗ ಬಿಟ್ರ ತಾಸಿಗೆ ಸುಮಾರು 76 ಸಾವಿರ ಲೀಟರ್. ಗುಂಡ್ಯಾಗ ನೀರು 8 ತಾಸು ನಿಲ್ಲಬೇಕು ಅಂದ್ರ 6 ಲಕ್ಷ ಲೀಟರ್ ಹಿಡಿಯೋ ಜಾಗ ಬೇಕು, 5 ಅಡಿ ಆಳ ಇಟ್ರ 4 ಗುಂಟೆ. 10 ಮೀಟರ್ ಅಗಲ, 40 ಮೀಟರ್ ಉದ್ದ. ಕೆಸರು ತುಂಬಾಕ ಅಂತ ಇನ್ನೂ ಒಂದೂವರೆ ಅಡಿ ಕೆಳಗ ತೋಡ್ರಿ. ಅಷ್ಟು ಜಾಗ ಇಲ್ಲಾಂದ್ರ ಎರಡು ದಿನಕ್ಕ ಹಂಚಿ ಬಿಡ್ರಿ, 2 ಗುಂಟೆ ಸಾಕು.

ನೀರು ಬೀಳೋ ಕಡೆ ಒಂದು ಇಟ್ಟಂಗಿ ಅಡ್ಡಗೋಡೆ ಇಲ್ಲಾ ಎರಡು ಪದರ ಶೇಡ್‌ನೆಟ್ ಕಟ್ಟಿ ರಭಸ ಮುರೀರಿ. ಇಲ್ಲಾಂದ್ರ ಬೀಳೋ ನೀರೇ ಕೂತ ಕೆಸರು ಎಬ್ಬಿಸ್ತದ. ಹೊರಗ ಹೋಗೋದು ಎದುರು ತುದೀಲಿ, ಅಗಲ ಹಲಗಿ ಮ್ಯಾಲಿಂದ ತೆಳ್ಳಗ ಹರೀಬೇಕು. ಪೈಪ್ ತಳಕ್ಕ ಇಟ್ರ ಗುಂಡಿ ತೆಗೆದದ್ದು ದಂಡ. ಎರಡೂ ಬಾಯಿ ಒಂದೇ ಬದಿಗೆ ಇಟ್ಟವರೂ ಇದ್ದಾರ, ಅಲ್ಲಿ ನೀರು ಅಡ್ಡ ಹಾದು ಹೋಗ್ತದ, ಉಳಿದ ಗುಂಡಿ ಸುಮ್ಮನ ನಿಂತಿರ್ತದ.

ಗುಂಡ್ಯಾಗ ಕೂರೋದು ಗಟ್ಟಿ ಹೊಲಸು. ಕರಗಿದ ಅಮೋನಿಯಾ, ರಂಜಕ ಹಂಗೇ ದಾಟ್ತಾವು. ರಂಜಕ ಇಳಿಸಬೇಕು ಅಂದ್ರ ಆ ಗುಂಡ್ಯಾಗಿನ 6 ಲಕ್ಷ ಲೀಟರಿಗೆ ಪಟಕ (ಆಲಂ) 15 ಕೆ.ಜಿ. ಕರಗಿಸಿ ಬೀಳೋ ಬಾಯ್ಯಾಗ ಸುರೀರಿ, ಲೀಟರಿಗೆ 25 ಮಿ.ಗ್ರಾಂ. ಆಗ್ತದ. ಪಟಕ ತನ್ನ ತೂಕದ ಅರ್ಧದಷ್ಟು ಕ್ಷಾರತೆ ತಿಂತದ, 25ಕ್ಕ 12 ಮಿ.ಗ್ರಾಂ. ನಮ್ಮ ಕಡೆ ನೀರಿನ್ಯಾಗ ಕ್ಷಾರತೆಗೆ ಬರ ಇಲ್ಲ, ಚಿಂತಿ ಇಲ್ಲ. ಮೀನು ಇರೋ ಹೊಂಡಕ್ಕ ಅಲ್ಲ, ಗುಂಡಿಗೆ ಮಾತ್ರ.

ಇನ್ನ ಫೀಡ್. ಒಂದು ಕೆ.ಜಿ. ಮೀನಿಗೆ ಫೀಡ್ 1.5 ಹೋದ್ರ ನೀರಿಗೆ ಬೀಳೋ ಸಾರಜನಕ 42 ಗ್ರಾಂ. ಅದೇ 1.8 ಆದ್ರ 55 ಗ್ರಾಂ. ಫೀಡ್ ಐದರಾಗ ಒಂದು ಪಾಲು ಹೆಚ್ಚಿದ್ರ ಹೊಲಸು ಮೂರರಾಗ ಒಂದು ಪಾಲು ಹೆಚ್ತದ. ಹದಿನೈದು ನಿಮಿಷದಾಗ ತಿಂದು ಮುಗಿಸೋದಷ್ಟೇ ಹಾಕ್ರಿ, ಮೋಡ ಮುಚ್ಚಿದ ದಿನ ಅರ್ಧ ಮಾಡ್ರಿ. ಕೋಳಿ ಅಂಗಡಿ ತ್ಯಾಜ್ಯ ಅಗ್ಗ ಅಂತ ಹಾಕೋರು ಇದ್ದಾರ, ಅಂಥ ಹೊಂಡದ ನೀರು ಯಾವ ಗುಂಡೀಲೂ ತಿಳಿ ಆಗಂಗಿಲ್ಲ.

ನೀರುಪರೀಕ್ಷೆ_ರಾಯಚೂರು

ಬಸಿಗಾಲುವೆಗೆ ಹೋಗುವ ನೀರಿನ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಮುಂದೆ ಹಳ್ಳ ಸೇರಿ ಇನ್ನೊಬ್ಬರ ಊರಿಗೆ ಹೋಗುತ್ತದೆ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಹಳ್ಳ, ಕೆರೆಗೆ ಬಿಡುವ ತ್ಯಾಜ್ಯ ನೀರಿಗೆ ಸಾಮಾನ್ಯ ಮಿತಿ ಇದೆ: 27 ಡಿಗ್ರಿಯಲ್ಲಿ 3 ದಿನದ ಬಿಓಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಎಳೆಯುವ ಆಮ್ಲಜನಕ) ಲೀಟರಿಗೆ 30 ಮಿ.ಗ್ರಾಂ., ತೇಲು ಕಣ 100 ಮಿ.ಗ್ರಾಂ., ಪಿಹೆಚ್ 5.5ರಿಂದ 9. ನಿಮ್ಮ ಮಧ್ಯಾಹ್ನದ 9.2 ಆಗಲೇ ದಾಟಿದೆ. ಬಿಓಡಿಗೆ ತೆಗೆದ ಬಾಟಲಿಯನ್ನು ಐಸ್‌ನಲ್ಲಿ, ಕತ್ತಲಲ್ಲಿ, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಪಾಚಿ ತುಂಬಿದ ನೀರಿನ ಬಿಓಡಿಯಲ್ಲಿ ದೊಡ್ಡ ಪಾಲು ಪಾಚಿಯದ್ದೇ ಇರುತ್ತದೆ, ಹಾಗಾಗಿ ಸೋಸಿದ ನೀರಿನದ್ದೂ ಬೇರೆ ತೆಗೆಸಿ. ಎರಡರ ವ್ಯತ್ಯಾಸ ನೋಡಿದರೆ ಪಾಚಿ ಹಿಡಿಯಬೇಕೋ ಹೊಲಸು ಹಿಡಿಯಬೇಕೋ ತಿಳಿಯುತ್ತದೆ.

ಗಂಗಾವತಿ_ಭತ್ತ

ಬಸಿಗಾಲುವೆಗೆ ಬಿಡೋ ಬದಲು ಗದ್ದೆಗೆ ಕೊಡಬಹುದಲ್ಲ. ನೀರಿನ್ಯಾಗ ಒಟ್ಟು ಸಾರಜನಕ ಲೀಟರಿಗೆ 6 ಮಿ.ಗ್ರಾಂ. ಇದ್ರ, ಒಂದು ಎಕರೆಗೆ 10 ಸೆಂ.ಮೀ. ನೀರು ಕಟ್ಟಿದಾಗ 2.4 ಕೆ.ಜಿ. ಸಾರಜನಕ ಸಿಕ್ಕಂಗ, ಯೂರಿಯಾ ಲೆಕ್ಕದಾಗ 5 ಕೆ.ಜಿ. ಪೂರ್ತಿ ಬೆಳೆಗೆ ದಕ್ಕಂಗಿಲ್ಲ, ಅರ್ಧ ಅಂತ ಹಿಡಿದು ಮೇಲುಗೊಬ್ಬರದಾಗ ಕಳೀರಿ. ಕಳೀದೇ ಇದ್ರ ಸೋನಾ ಮಸೂರಿ ಬೀಳ್ತೈತಿ, ಬೆಂಕಿ ರೋಗ, ಕಂದು ಜಿಗಿಹುಳು ಬೆನ್ನು ಹತ್ತತಾವು. ಹೊಡೆ ಬಿಚ್ಚಿದ ಮ್ಯಾಲೆ ಈ ನೀರು ಬ್ಯಾಡ.

ಆದ್ರ ಎರಿ ಹೊಲಕ್ಕ ಕೊಡೋ ಮುಂಚೆ ಉಪ್ಪು ನೋಡ್ರಿ. ವಿದ್ಯುತ್ ವಾಹಕತೆ ಅಳೆಸ್ರಿ. ಅದರ ಜೊತಿ ಉಳಿಕೆ ಸೋಡಿಯಂ ಕಾರ್ಬೊನೇಟ್ ತೆಗೆಸ್ರಿ, ಅಂದ್ರ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಕೂಡಿಸಿ ಅದರಾಗಿಂದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಳೀಬೇಕು. ಲೀಟರಿಗೆ 1.25 ಮಿಲಿಸಮಾನದ ಒಳಗಿದ್ರ ಚಿಂತಿಲ್ಲ, 2.5 ದಾಟಿದ್ರ ಮಣ್ಣು ಬಿಗಿದು ನೀರು ಇಂಗಂಗಿಲ್ಲ. ಕಾಲುವಿ ಬಂದ್ ಆದ ಮ್ಯಾಲೆ ಹೊಂಡದ ನೀರು ಬಿಸಿಲಿಗೆ ಆರಿ ಆರಿ ಉಪ್ಪು ಗಟ್ಟಿ ಆಗಿರ್ತೈತಿ, ಮಳೆಗಾಲದ ವರದಿ ಬ್ಯಾಸಿಗೆಗೆ ನಡಿಯಂಗಿಲ್ಲ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಾಗ ಸವಳು-ಜವಳು ಬಗ್ಗೆನೇ ಕೆಲಸ ಮಾಡೋರು ಅದಾರ, ವರದಿ ಹಿಡಿದು ಕೇಳ್ರಿ.

ಎಡದಂಡೆ_ಸಿಂಧನೂರು

ಗುಂಡಿಗೆ ಜಾಗ ಐತ್ರಿ, 4 ಗುಂಟೆ ಬಿಡ್ತೀವಿ. ಅದು ಆಗೋತನ ಕೆಳಗಿನ ಮೀನು ಹೆಂಗ ಉಳಿಸೋದು? ಬೆಳ್ಳಿ ಗೆಂಡೆ ಬಿಟ್ರ ಪಾಚಿ ತಿಂತೈತಿ ಅಂತಾರ.

ಪ್ಲವಕ_ಎಣಿಕೆ

ಮೊದಲು ಒಳಹರಿವು ನಿಲ್ಲಿಸಿ. 2 ಎಚ್‌ಪಿ ಏರೇಟರ್ ಒಂದನ್ನು ರಾತ್ರಿ 12ರಿಂದ ಸೂರ್ಯ ಹುಟ್ಟಿದ ಒಂದು ತಾಸಿನವರೆಗೆ ಓಡಿಸಿ. ಇಂಥ ಹೊಂಡ ರಾತ್ರಿ ಲೀಟರಿಗೆ ತಾಸಿಗೆ ಅರ್ಧ ಮಿ.ಗ್ರಾಂ. ಉಸಿರಾಡಿದರೂ ಇಡೀ ಹೊಂಡಕ್ಕೆ ತಾಸಿಗೆ ಎರಡೂವರೆ ಕೆ.ಜಿ. ಹತ್ತಿರ ಆಮ್ಲಜನಕ ಆಗುತ್ತದೆ. ಒಂದು ಏರೇಟರ್ ಅಷ್ಟನ್ನೂ ತುಂಬಲಾರದು, ಆದರೆ ತನ್ನ ಸುತ್ತ ಮೀನು ನಿಲ್ಲುವಷ್ಟು ಜಾಗ ಉಳಿಸುತ್ತದೆ. ಆಳ ಇರುವ ಕಡೆ ಹಾಕಿ, ಕೆಸರು ಎಬ್ಬಿಸುವ ಮೂಲೆಯಲ್ಲಿ ಬೇಡ. ಮಧ್ಯಾಹ್ನ 2ರಿಂದ 4 ಓಡಿಸುವುದೂ ಒಳ್ಳೆಯದು, ಮೇಲೆ ಹೆಚ್ಚಿರುವ ಆಮ್ಲಜನಕ ತಳಕ್ಕೆ ಇಳಿಯುತ್ತದೆ, ಮೈಕ್ರೊಸಿಸ್ಟಿಸ್‌ಗೆ ಬೇಕಾದ ನಿಶ್ಚಲ ನೀರೂ ಒಡೆಯುತ್ತದೆ. ಗಾಳಿ ಒಂದೇ ಮೂಲೆಗೆ ತಳ್ಳಿದ ಪದರವನ್ನು ಮುಂಜಾನೆ ಸಣ್ಣ ಕಣ್ಣಿನ ಬಟ್ಟೆ ಬಲೆಯಿಂದ ಬಾಚಿ ದಡದಿಂದ ದೂರ ಹೂಳಿ, ಬರಿಗೈ ಬೇಡ, ಕೈಗವಸು ಇರಲಿ. ಬಾಚಿದಷ್ಟು ರಂಜಕ ಹೊರಗೆ ಹೋದಂತೆ.

ಬೆಳ್ಳಿ ಗೆಂಡೆ ದೊಡ್ಡ ಗುಂಪುಗಳನ್ನು ತಿಂದು ಕಡಿಮೆ ಮಾಡುತ್ತದೆ, ಆದರೆ ಸಣ್ಣ ಪಾಚಿ ಹೆಚ್ಚಿ ನೀರು ಹಸಿರಾಗಿಯೇ ಉಳಿಯುವುದುಂಟು. ಈಗಿನ ಆಮ್ಲಜನಕದಲ್ಲಿ ಹೊಸ ಮೀನು ಬಿಡಬೇಡಿ, ನಸುಕಿನಲ್ಲಿ 3 ದಾಟಿ ನಿಂತ ಮೇಲೆ ನೋಡೋಣ. ಮೃಗಾಲ್, ಸಾಮಾನ್ಯ ಗೆಂಡೆ ಮಾತ್ರ ಇಂಥ ಹೊಂಡಕ್ಕೆ ಎಂದೂ ಬೇಡ, ಅವು ತಳ ಕೆದಕಿ ಕೂತ ರಂಜಕವನ್ನು ಎಬ್ಬಿಸುತ್ತವೆ.

ತಟ್ಟೆ ದಿನವೂ ಅದೇ ಹೊತ್ತಿಗೆ ಇಳಿಸಿ. 14ರಿಂದ ನಿಧಾನ 25, 30ಕ್ಕೆ ಬಂದರೆ ಸರಿದಾರಿ. ಒಂದೇ ರಾತ್ರಿಯಲ್ಲಿ 14ರಿಂದ 50ಕ್ಕೆ ಹಾರಿ ನೀರು ಕಂದಾದರೆ ಪಾಚಿ ಒಮ್ಮೆಲೇ ಸತ್ತಿದೆ ಎಂದರ್ಥ, ಆಗ ಏರೇಟರ್ ಹಗಲೂ ನಿಲ್ಲಿಸದೆ ಓಡಲಿ, ಕಾಲುವೆ ನೀರು ಇದ್ದರೆ ಬಿಡಿ. ನೈಟ್ರೈಟ್ ಏರಿ ಕಿವಿರು ಕಂದು ಬಣ್ಣಕ್ಕೆ ತಿರುಗಿದರೆ ಉಪ್ಪು ಬೇಕಾಗುತ್ತದೆ, ಕ್ಲೋರೈಡ್ ನೈಟ್ರೈಟಿನ ಹತ್ತು ಪಟ್ಟಾದರೂ ಇರಬೇಕು. ಸವಳು ನೆಲದ ಬೋರ್ ನೀರಿನಲ್ಲಿ ಅಷ್ಟು ಕ್ಲೋರೈಡ್ ಆಗಲೇ ಇರುವುದುಂಟು, ಅಳೆಯದೆ ಉಪ್ಪು ಚೆಲ್ಲಬೇಡಿ.

ಸಿರುಗುಪ್ಪ_ಹೊಂಡ

ಗುಂಡಿ ಆದ ಮ್ಯಾಲೆ ಅದರ ತುದಿಗೆ ಜೊಂಡು ಇಲ್ಲಾ ಅಂತರಗಂಗೆ ಬೆಳಸಬಹುದಾ?

ಮಾನ್ವಿ_ಪಂಗಾಸ್

ಜೊಂಡು ಚಲೋ, ವರ್ಷಕ್ಕೆರಡು ಸಲ ಕೊಯ್ದು ಹೊರಗ ಹಾಕಬೇಕು. ಕೊಯ್ಯದೇ ಬಿಟ್ರ ಅದೇ ಕೊಳೆತು ಹೀರಿದ್ದೆಲ್ಲಾ ವಾಪಸ್ ಕೊಡ್ತದ. ಅಂತರಗಂಗೆ ಬ್ಯಾಡ, ಬಸಿಗಾಲುವಿಗೆ ಒಂದು ಗಿಡ ದಾಟಿದ್ರ ಕೆಳಗಿನ ತೂಬೆಲ್ಲಾ ಕಟ್ಟತದ.

ಎಡದಂಡೆ_ಸಿಂಧನೂರು

ಇನ್ನೊಂದೇ ಪ್ರಶ್ನೆರಿ. ಮೀನು ಹಿಡಿಯೋ ಹೊತ್ತಿಗೆ ಮೇಲಿನ ಹೊಂಡ ಪೂರ್ತಿ ಖಾಲಿ ಮಾಡ್ತೀವಿ. ಅಷ್ಟು ನೀರು ಆ ಗುಂಡಿ ತಡೀತೈತೇನು?

ನೀರುಪರೀಕ್ಷೆ_ರಾಯಚೂರು

ಪೂರ್ತಿ ತಡೆಯಬೇಕಿಲ್ಲ. ಮೊದಲ ನಾಲ್ಕರಲ್ಲಿ ಮೂರು ಪಾಲು ನೀರು ಹೆಚ್ಚುಕಡಿಮೆ ದಿನನಿತ್ಯದ ನೀರಿನಂತೆಯೇ ಇರುತ್ತದೆ. ಅದನ್ನು ತಳದ ತೂಬಿನಿಂದ ಬಿಡದೆ, ತೂಬಿನ ಮೇಲಿನ ಹಲಗೆ ಒಂದೊಂದೇ ತೆಗೆದು ಮೇಲಿಂದ ಇಳಿಸಿ, ಉಪ್ಪಿನ ವರದಿ ಸರಿ ಇದ್ದರೆ ಗದ್ದೆಗೆ ಕೊಡಿ. ಕೊನೆಯ ಕಾಲು ಪಾಲಿನಲ್ಲಿ ಬಲೆ ಎಳೆದು, ಜನ ತುಳಿದು ತಳವೆಲ್ಲ ಎದ್ದಿರುತ್ತದೆ, ಹೊಲಸಿನ ದೊಡ್ಡ ಪಾಲು ಅಲ್ಲೇ. ಅದನ್ನು ಎರಡು-ಮೂರು ದಿನ ಹೊಂಡದಲ್ಲೇ ಅಲುಗಾಡದಂತೆ ನಿಲ್ಲಿಸಿ, ಆಮೇಲೆ ತಿಳಿಯಾದದ್ದನ್ನು ಗುಂಡಿಯ ಮೂಲಕ ನಿಧಾನ ಬಿಡಿ. ಕಡೆಗೆ ಉಳಿಯುವ ಒಂದು ಗೇಣು ರಾಡಿಯನ್ನು ಬಿಡಲೇಬೇಡಿ, ಅಲ್ಲೇ ಒಣಗಲಿ. ಏಪ್ರಿಲ್, ಮೇ ಬಿಸಿಲಿಗೆ ಎರೆ ಮಣ್ಣು ಬಿರುಕು ಬಿಟ್ಟ ಮೇಲೆ ಮೇಲಿನ ನಾಲ್ಕು ಬೆರಳು ಕೆರೆದು, ಉಪ್ಪು ಅಳೆಸಿ, ಹೊಲಕ್ಕೆ ಒಯ್ಯಿರಿ. ಅದೇ ವಾರ ಕೆಳಗಿನ ಹೊಂಡದ ತಳವನ್ನೂ ಒಣಗಿಸಿ ಕೆರೆಯಿರಿ, ಇಲ್ಲದಿದ್ದರೆ ಕಾಲುವೆಗೆ ನೀರು ಬಿಟ್ಟು ಹೊಂಡ ತುಂಬಿದ ಮೇಲೆ ಹಳೆ ರಂಜಕದಿಂದಲೇ ಮೈಕ್ರೊಸಿಸ್ಟಿಸ್ ಮತ್ತೆ ಏಳುತ್ತದೆ.